ಹೊಗೆ ಮೊದಲು, ಸಪ್ಪಳ ಆಮೇಲೆ

೧೯೮೭ನೇ ಇಸವಿ ಜನವರಿ ಎರಡನೇ ತಾರೀಕು, ಶುಕ್ರವಾರ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ರಾಣೆಬೆನ್ನೂರಿನ ಕಾಲೇಜೊಂದರ ಭೌತಶಾಸ್ತ್ರ ಪ್ರಯೋಗಾಲಯದ ಬಾಗಿಲಲ್ಲಿ ಒಬ್ಬ ಯುವಕ ಬಂದು ನಿಂತ. ಖಾಕಿ ಪ್ಯಾಂಟು, ತೋಳು ಮಡಚಿದ ನೀಲಿ ಅಂಗಿ, ಉಗುರಿನ ಸಂದಿಯಲ್ಲಿ ಕಪ್ಪು ಗ್ರೀಸು.

ಲೋಲಕದ ದಾರ ಅಳೆಯುತ್ತಿದ್ದ ಡೆಮಾನ್‌ಸ್ಟ್ರೇಟರ್ ಹೊಳಿಯವ್ವ ತಲೆ ಎತ್ತಿದಳು. ಮೂಲೆಯ ನಲ್ಲಿ ನಾಲ್ಕು ದಿನದಿಂದ ಸೋರುತ್ತಿತ್ತು.

"ಈಗ ಬಂದ್ರೇನ್ರಿ? ಸೋಮವಾರ ಹೇಳಿ ಕಳಿಸಿದ್ದು," ಎಂದಳು. "ಅಲ್ಲೈತಿ ನೋಡ್ರಿ. ಲಗೂ ಮಾಡ್ರಿ, ನಾಲ್ಕಕ್ಕ ಹುಡುಗ್ರು ಬರ್ತಾರ."

ಅವನು ಏನೋ ಹೇಳಲು ಬಾಯಿ ತೆರೆದ. ನಲ್ಲಿಯನ್ನು ನೋಡಿದ, ಅವಳನ್ನು ನೋಡಿದ, ಬಾಯಿ ಮುಚ್ಚಿದ. ಜೇಬಿನಿಂದ ನಟ್ಟು ತಿರುಗಿಸುವ ಪಾನಾ ತೆಗೆದು ಮೂಲೆಗೆ ಹೋದ. ಒಂಬತ್ತು ನಿಮಿಷದ ಮೇಲೆ ನಲ್ಲಿಯಿಂದ ಒಂದು ಹನಿಯೂ ಬೀಳಲಿಲ್ಲ. ಅದೇ ನಲ್ಲಿಯಲ್ಲಿ ಕೈ ತೊಳೆದುಕೊಂಡು, ಅಂಗಿಗೆ ಒರೆಸಿಕೊಂಡು, ಅವಳ ಮೇಜಿನ ಎದುರು ಬಂದು ನಿಂತ.

"ಇನ್ನ ನಾ ಬಂದ ಕೆಲಸಾ ಹೇಳ್ಲೇನ್ರಿ ಮೇಡಂ?"

"ಅಂದ್ರ?"

"ನಾ ನಲ್ಲಿ ಕೆಲಸದಾಂವಲ್ರಿ. ಫಕ್ಕೀರೇಶ ಅಂತ. ಸ್ಟೇಶನ್ ರೋಡಿನ ರಜಾಕ ಚಾಚಾನ ಗ್ಯಾರೇಜಿನ್ಯಾಗ ಲೇಥ್ ಮ್ಯಾಲಿರ್ತೇನಿ. ರವಿವಾರ ಒಂದು ತಾಸು ಸ್ಟಾಪ್‌ವಾಚ್ ಬೇಕಾಗಿತ್ತು."

ಹೊಳಿಯವ್ವನ ಕಿವಿ ಬಿಸಿಯಾದವು. "ಮತ್ತ ಮೊದಲ ಯಾಕ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲಲ್ರಿ. ನಲ್ಲಿನೂ ಸೋರಾಕತ್ತಿತ್ತು."

ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕುಳಿತಿದ್ದ ಅಟೆಂಡರ್ ದೇವವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗು ಮಾತ್ರ ಭುಜದಲ್ಲಿ ಕುಣಿಯುತ್ತಿತ್ತು.

ಸ್ಟಾಪ್‌ವಾಚ್ ಹೊರಗೆ ಕೊಡುವುದಕ್ಕೆ ವಿಭಾಗದಲ್ಲಿ ಒಂದು ನಿಯಮವಿತ್ತು: ವಾಚು ಎಲ್ಲಿಗೆ ಹೋಗುತ್ತದೋ ಅಲ್ಲಿಗೆ ಡೆಮಾನ್‌ಸ್ಟ್ರೇಟರ್ ಕೂಡ ಹೋಗಬೇಕು. ಹೊಳಿಯವ್ವ ಅದನ್ನು ಹೇಳಿದ್ದು ಇಲ್ಲವೆನ್ನುವುದಕ್ಕಾಗಿ. ಫಕ್ಕೀರೇಶನಿಗೆ ಅದು ಹೌದು ಎಂದು ಕೇಳಿಸಿತು.

"ಹಂಗಾರ ಮುಂಜಾನೆ ಏಳಕ್ಕ ಬರ್ರಿ. ಐರಣಿ ರೋಡು. ಇವರ್ನೂ ಕರಕೊಂಡು ಬರ್ರಿ," ಎಂದು ದೇವವ್ವನ ಕಡೆ ತಲೆ ಆಡಿಸಿ ಹೊರಟುಹೋದ.

"ಏನು ಅಳಿಯಾಕ ಅಂತ ಕೇಳಲೇ ಇಲ್ಲಲ್ಲವಾ," ಎಂದಳು ದೇವವ್ವ.

ನಿಜ. ಕೇಳಿರಲಿಲ್ಲ.

*

ಅಳೆಯಬೇಕಾದದ್ದು ರೇಸ್ ಕಾರು.

ಹಾವೇರಿಯ ಬಟ್ಟೆ ವ್ಯಾಪಾರಿ ಪರಮೇಶಪ್ಪನಿಗೆ ರೇಸಿನ ಹುಚ್ಚು. ಕಾರು ಅವನದೇ, ಓಡಿಸುವವನೂ ಅವನೇ. ಟೀಮಿನ ಹೆಸರು ವರದಾ ರೇಸಿಂಗ್. ಗ್ಯಾರೇಜಿನ ಅಬ್ದುಲರಜಾಕ ಚಾಚಾ ಚೌಕಟ್ಟು ಬೆಸೆಯುತ್ತಿದ್ದ, ಫಕ್ಕೀರೇಶ ಫಿಯಟ್ ಇಂಜಿನ್ ಬಿಚ್ಚಿ ಜೋಡಿಸುತ್ತಿದ್ದ. ಪ್ರತಿ ಫೆಬ್ರುವರಿಯಲ್ಲಿ ಕಾರನ್ನು ಲಾರಿಗೆ ಏರಿಸಿ ಮದ್ರಾಸಿನ ಹತ್ತಿರದ ಶೋಲಾವರಂಗೆ ಒಯ್ಯುತ್ತಿದ್ದರು. ಮೊದಲ ವರ್ಷ ಒಂಬತ್ತು ಕಾರುಗಳಲ್ಲಿ ಒಂಬತ್ತನೆಯ ಸ್ಥಾನ. ಎರಡನೆಯ ವರ್ಷ ಹನ್ನೊಂದರಲ್ಲಿ ಹನ್ನೊಂದು. ಕಳೆದ ವರ್ಷ ಹನ್ನೆರಡರಲ್ಲಿ ಹತ್ತು.

ಇಷ್ಟಾದರೂ ಅದಕ್ಕೆ ಅಭಿಮಾನಿಗಳಿದ್ದರು. ಇಡೀ ವರ್ಷ ವಾದ ಮಾಡುವವರು ಇಬ್ಬರು: ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಕರಬಸಪ್ಪ, ರಾಣೆಬೆನ್ನೂರಿನ ಬೀಜದ ಅಂಗಡಿಯ ಮೈಲಾರೆಪ್ಪ. ಇಬ್ಬರೂ ಶೋಲಾವರಂ ಕಂಡವರಲ್ಲ. ಟ್ರಂಕ್ ಕಾಲ್‌ನಲ್ಲಿ ಬಂದ ಎರಡು ಮಾತನ್ನು ಹನ್ನೆರಡು ತಿಂಗಳು ಅರೆಯುತ್ತಿದ್ದರು.

ಜನವರಿ ನಾಲ್ಕರ ಮುಂಜಾನೆ ಹೊಳಿಯವ್ವ ಬ್ಯಾಡಗಿಯಿಂದ ಮೊದಲ ರೈಲಿಗೆ ಬಂದು, ದೇವವ್ವನನ್ನು ಜೊತೆ ಮಾಡಿಕೊಂಡು ಐರಣಿ ರಸ್ತೆ ತಲುಪಿದಾಗ ವಾದ ಆಗಲೇ ಕುದಿಯುತ್ತಿತ್ತು.

"ಹೋದ ವರ್ಷ ಹತ್ತನೇದು ಬಂದೇವಿ. ಏರಾಕತ್ತೇವಿ ನಾವು," ಎಂದ ಕರಬಸಪ್ಪ.

"ಎರಡು ಕಾರು ಕೆಟ್ಟು ನಿಂತಿದ್ವೋ ಮಾರಾಯ. ಓಡಿದ್ದ ಹತ್ತು."

"ನಮ್ಮದು ಕೆಡಲಿಲ್ಲಲ್ಲ? ಅದೂ ಒಂದು ಗುಣಾನ."

"ಕೆಡಾಕೂ ಜೋರ್ ಓಡಬೇಕಾಗತೈತಿ," ಎಂದ ಮೈಲಾರೆಪ್ಪ. "ನೀ ಹಟಾ ಹಿಡದು ಕೆಂಪು ಬಣ್ಣ ಬಳಿಸಿದಿ ನೋಡು, ಅವತ್ತ ಕೆಲಸ ಕೆಟ್ಟಿತು. ಬ್ಯಾಡಗಿ ಬಣ್ಣ ಬಳದ್ರ ಬ್ಯಾಡಗಿ ಗುಣಾನ ಬರತೈತಿ. ನೋಡಾಕ ಕೆಂಪಗ, ನಾಲಿಗಿಗೆ ಹಚ್ಚಿದ್ರ ಖಾರ ಇಲ್ಲ."

"ನಮ್ಮ ಕಾಯಿ ಸುದ್ದಿಗೆ ಬರಬ್ಯಾಡ್ರಿ. ಅದರ ಬಣ್ಣಕ್ಕ ಮಂದಿ ಸಾಯ್ತಾರ."

"ಸಾಯ್ಲಿ. ಶೋಲಾವರಂದಾಗ ಬಣ್ಣಕ್ಕ ಕಪ್ ಕೊಡಂಗಿಲ್ಲ."

ಬ್ಯಾಡಗಿಯವಳಾದ ಹೊಳಿಯವ್ವನಿಗೆ ನಗಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ. ಅತ್ತ ನೋಡಿದರೆ ಫಕ್ಕೀರೇಶ ಅವಳ ಮುಖವನ್ನೇ ನೋಡುತ್ತಿದ್ದ. ಅವಳು ನಕ್ಕ ಮೇಲೆ ಅವನೂ ನಕ್ಕ.

ರಸ್ತೆ ಅಲ್ಲಿ ಸರಳರೇಖೆಯಂತೆ ನೇರ. ನೂರು ಅಡಿಯ ಟೇಪಿನಿಂದ ಅವನು ಒಂದು ಕಿಲೋಮೀಟರ್ ಅಳೆದು ಎರಡೂ ತುದಿಗೆ ಸುಣ್ಣದ ಗೆರೆ ಎಳೆದಿದ್ದ. ಆಚೆ ತುದಿಯಲ್ಲಿ ಕಾರು ನಿಲ್ಲುವುದು. ಅಬ್ದುಲರಜಾಕ ಗರ್ನಾಲು ಪಟಾಕಿ ಹಾರಿಸುವನು, ಅದು ಸಿಡಿದ ಕ್ಷಣಕ್ಕೆ ಪರಮೇಶಪ್ಪ ಹೊರಡುವನು. ಈಚೆ ತುದಿಯಲ್ಲಿ ಇವರೆಲ್ಲ.

"ಒಂದು ಮಾತು ನೆನಪಿಡ್ರಿ," ಎಂದಳು ಹೊಳಿಯವ್ವ, ಪಾಠ ಹೇಳುವ ದನಿಯಲ್ಲಿ. "ಗರ್ನಾಲಿನ ಹೊಗಿ ಕಂಡ ಕೂಡ್ಲೆ ವಾಚ್ ಒತ್ತಬೇಕು. ಸಪ್ಪಳಾ ಕೇಳಿ ಒತ್ತಿದ್ರ ತಪ್ಪಾಗತೈತಿ. ಸಪ್ಪಳಾ ಇಷ್ಟು ದೂರ ಬರಾಕ ಎರಡು ಪಾಯಿಂಟ್ ಒಂಬತ್ತು ಸೆಕೆಂಡು ಬೇಕು. ಅಷ್ಟರಾಗ ಕಾರು ಹೊಂಟು ಬಿಟ್ಟಿರತೈತಿ."

"ಹೊಗಿ ಮೊದಲು, ಸಪ್ಪಳಾ ಆಮ್ಯಾಲೆ," ಎಂದ ಫಕ್ಕೀರೇಶ, ಬಾಯಿಪಾಠ ಒಪ್ಪಿಸುವಂತೆ.

ಕಳೆದ ವರ್ಷ ಓಡಿದ್ದ ಹಳೆಯ ಕಾರು ಮೂವತ್ತಮೂರು ಪಾಯಿಂಟ್ ಆರು ಸೆಕೆಂಡು ತೆಗೆದುಕೊಂಡಿತು. ಹೊಳಿಯವ್ವ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು: "ಹೊಗೆ ಬಿಳಿ, ಎಡಕ್ಕೆ ವಾಲಿತ್ತು. ಗಾಳಿ ಕಡಿಮೆ."

*

ಈ ವರ್ಷಕ್ಕೆಂದು ಕಟ್ಟುತ್ತಿದ್ದ ಹೊಸ ಕಾರು ಇನ್ನೂ ಗ್ಯಾರೇಜಿನಲ್ಲಿತ್ತು. ಮುಂದಿನ ರವಿವಾರ ಅದನ್ನು ನೋಡಲು ಅವಳು ಬಂದಾಗ ವಾಚು ಬೇಕಾಗಿರಲಿಲ್ಲ. ಆದರೂ ತಂದಿದ್ದಳು.

ಕೊಳವೆಗಳ ಚೌಕಟ್ಟು ನೆಲಕ್ಕೆ ಅಂಟಿದಂತೆ ತಗ್ಗು. ಒಂದರ ಬದಲು ಎರಡು ಕಾರ್ಬುರೇಟರ್. ಬಣ್ಣ ಮತ್ತೆ ಅದೇ ಕೆಂಪು.

"ಈ ಸಲ ಐದರೊಳಗ," ಎಂದ ಕರಬಸಪ್ಪ.

"ಇದರ ಭಾರ ನೋಡೋ. ಚಾಚಾ ಕೊಳವಿ ಬೆಸದಿಲ್ಲ, ಕಿಲ್ಲೇ ಕಟ್ಯಾನ," ಎಂದ ಮೈಲಾರೆಪ್ಪ.

"ಭಾರ ಕಡಿಮಿ ಐತಿ."

"ಹೆಚ್ಚೈತಿ."

"ಅಕ್ಕೋರ, ನೀವು ಸೈನ್ಸ್ ಕಲ್ತವ್ರು. ನೀವ ಹೇಳ್ರಿ," ಎಂದ ಕರಬಸಪ್ಪ.

"ತೂಕ ಎಷ್ಟೈತಿ?" ಎಂದಳು ಹೊಳಿಯವ್ವ.

ಇಬ್ಬರೂ ಫಕ್ಕೀರೇಶನ ಕಡೆ ತಿರುಗಿದರು. ಮೂರು ತಿಂಗಳಿಂದ ವಾದಿಸುತ್ತಿದ್ದವರಲ್ಲಿ ಯಾರೂ ತೂಗಿರಲಿಲ್ಲ.

ಕಾರನ್ನು ನೂಕಿಕೊಂಡು ಮಾರ್ಕೆಟ್ ಯಾರ್ಡಿನ ತೂಕದ ಕಟ್ಟೆಗೆ ಹೊರಟರು. ಅಭಿಮಾನಿಗಳು ಮುಂದೆ, ಹಿಂದಿನ ಕೊಳವೆಗೆ ಕೈ ಕೊಟ್ಟು ಫಕ್ಕೀರೇಶ ಮತ್ತು ಹೊಳಿಯವ್ವ. ಇಬ್ಬರ ಕೈಗಳ ನಡುವೆ ಒಂದು ಗೇಣು ಅಂತರ. ಕಾರು ತಗ್ಗು ದಾಟಿದಾಗೆಲ್ಲ ಅದು ಸ್ವಲ್ಪ ಕಡಿಮೆಯಾಗುತ್ತಿತ್ತು. ಆಮೇಲೆ ಯಾರೂ ಅದನ್ನು ಮತ್ತೆ ಹೆಚ್ಚಿಸುತ್ತಿರಲಿಲ್ಲ.

"ಹೊಳಿಯವ್ವ ಅಂತ ಈಗ ಯಾರೂ ಹೆಸರಿಡಂಗಿಲ್ಲಲ್ರಿ," ಎಂದ.

"ನಮ್ಮಜ್ಜಿ ಹೆಸರು. ಕಾಲೇಜಿನ್ಯಾಗ ಎಚ್. ಮೇಡಂ ಅಂತಾರ. ಬದಲಿ ಮಾಡಿಸ್ಬೇಕು ಅಂತ ಒಂದು ಅರ್ಜಿನೂ ಬರದಿಟ್ಟೇನಿ."

"ಕೊಡಬ್ಯಾಡ್ರಿ."

"ಯಾಕ?"

ಅವನು ಹತ್ತು ಹೆಜ್ಜೆ ಯೋಚಿಸಿದ. "ಇಂಜಿನ್ ಎಲ್ಲಾ ಸರಿ ಇದ್ದಾಗ ಒಂದು ಸಪ್ಪಳಾ ಬರತೈತ್ರಿ. ತಡೀದಂಗ, ಎಳಕೊಂತ ಹೋಗತೈತಿ. ನಿಮ್ಮ ಹೆಸರು ಹಂಗೈತಿ."

ಇದನ್ನು ಹೊಗಳಿಕೆ ಎನ್ನಬೇಕೋ ಬೇಡವೋ ಎಂದು ಅವಳು ರೈಲಿನಲ್ಲಿ ದೇವರಗುಡ್ಡ ಸ್ಟೇಶನ್ ಬರುವವರೆಗೆ ಯೋಚಿಸಿದಳು. ದೇವರಗುಡ್ಡ ದಾಟಿದ ಮೇಲೆ ಹೊಗಳಿಕೆಯೇ ಎಂದು ತೀರ್ಮಾನಿಸಿ, ಕಿಟಕಿಯ ಕಡೆ ಮುಖ ಮಾಡಿ ನಕ್ಕಳು.

ತೂಕ ನಾನೂರಾ ಅರವತ್ತೆಂಟು ಕಿಲೋ ಬಂದಿತ್ತು. ಹಳೆಯದಕ್ಕಿಂತ ಹೆಚ್ಚೋ ಕಡಿಮೆಯೋ ಯಾರಿಗೂ ಗೊತ್ತಾಗಲಿಲ್ಲ, ಯಾಕೆಂದರೆ ಹಳೆಯದನ್ನೂ ಯಾರೂ ತೂಗಿರಲಿಲ್ಲ. ವಾದ ಅಲ್ಲಿಂದ ಹೊಸದಾಗಿ ಶುರುವಾಯಿತು.

*

ಜನವರಿ ಹದಿನೆಂಟು. ಸಂಕ್ರಾಂತಿ ಕಳೆದು ನಾಲ್ಕು ದಿನ. ಜೋಳದ ಹೊಲಗಳ ಮೇಲೆ ತೆಳ್ಳನೆಯ ಮಂಜು. ಹೊಸ ಕಾರು ಆಚೆ ತುದಿಯಲ್ಲಿ ಕೆಂಪು ಚುಕ್ಕೆಯಾಗಿ ನಿಂತಿತ್ತು.

ಹಿಂದಿನ ಸಂಜೆ ಪರಮೇಶಪ್ಪ ಒಂದು ಮಾತು ಹೇಳಿದ್ದ: ಹೊಸ ಕಾರು ಹಳೆಯದರಷ್ಟೇ ಓಡಿದರೆ ಈ ವರ್ಷ ಶೋಲಾವರಂ ಇಲ್ಲ, ಮುಂದೆಯೂ ಇಲ್ಲ. ಕರಬಸಪ್ಪ ಮಾತಾಡದೆ ನಿಂತಿದ್ದ. ಮೈಲಾರೆಪ್ಪ ಕೂಡ ಮಾತಾಡದಿದ್ದುದು ಎಲ್ಲರಿಗೂ ಹೆಚ್ಚು ಹೆದರಿಕೆ ಹುಟ್ಟಿಸಿತ್ತು.

ಟೀಮು ನಿಂತರೆ ರವಿವಾರಗಳೂ ನಿಲ್ಲುತ್ತವೆ. ಹೊಳಿಯವ್ವ ವಾಚಿನ ಗುಂಡಿಯ ಮೇಲೆ ಹೆಬ್ಬೆರಳಿಟ್ಟು ಅದನ್ನೇ ಎಣಿಸುತ್ತಿದ್ದಳು.

ಫಕ್ಕೀರೇಶ ಅವಳ ಪಕ್ಕದಲ್ಲಿ ನಿಂತು ಕಣ್ಣು ಮುಚ್ಚಿದ. ಅವನು ಇಂಜಿನ್ನನ್ನು ನೋಡುವುದು ಹಾಗೆಯೇ, ಕಿವಿಯಿಂದ. ಮುಖ ಸ್ವಲ್ಪ ಮೇಲಕ್ಕೆ, ತುಟಿ ಬಿಗಿಯಾಗಿ. ಎಡ ಹುಬ್ಬಿಗೆ, ಗ್ಯಾರೇಜಿನಲ್ಲಿ ಕೈ ಒರೆಸುವ ನೂಲಿನ ಒಂದು ಬಿಳಿ ಎಳೆ ಅಂಟಿತ್ತು. ಉಸಿರಾಡಿದಾಗ ಅದು ಅಲುಗುತ್ತಿತ್ತು. ತೆಗೆಯಬೇಕು ಎನ್ನಿಸಿತು. ಬೆರಳು ಚಾಚಿದರೆ ಸಾಕಿತ್ತು.

ಗರ್ನಾಲು ಢಂ ಎಂದಿತು. ಅವಳ ಹೆಬ್ಬೆರಳು ಒತ್ತಿತು.

ಕಾರು ಗೆರೆ ದಾಟಿದಾಗ ಮುಳ್ಳು ಮೂವತ್ತು ಪಾಯಿಂಟ್ ಮೂರರಲ್ಲಿ ನಿಂತಿತ್ತು.

"ಎಷ್ಟು?" ಎಂದ ಮೈಲಾರೆಪ್ಪ. ಅವಳು ಹೇಳಿದಳು. ಅವನು ಇನ್ನೊಮ್ಮೆ ಕೇಳಿದ. ಹಳೆಯದಕ್ಕಿಂತ ಮೂರು ಸೆಕೆಂಡಿಗೂ ಮಿಕ್ಕಿ ಮುಂದು. ಕರಬಸಪ್ಪ ರುಮಾಲು ಬಿಚ್ಚಿ ಗಾಳಿಯಲ್ಲಿ ಬೀಸಿದ. ಪರಮೇಶಪ್ಪ ಕಾರಿನಿಂದ ಇಳಿದವನೇ, "ಇನ್ನ ಇಂಜಿನ್ನಿಗೆ ಯಾರೂ ಕೈ ಹಚ್ಚಬ್ಯಾಡ್ರಿ. ಹಿಂಗ ಲಾರಿಗೆ ಏರಸೂದು," ಎಂದ.

ಫಕ್ಕೀರೇಶ ಮಾತ್ರ ಕಾರಿನ ಹತ್ತಿರ ಹೋಗಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಸುಮ್ಮನೆ ನಿಂತುಬಿಟ್ಟ. ಖುಷಿಗೆ ಮಾತು ನಿಂತಿರಬೇಕು ಎಂದುಕೊಂಡಳು ಹೊಳಿಯವ್ವ.

*

ಆ ದಿನ ಸಂಜೆ, ಬ್ಯಾಡಗಿಯ ಮನೆಯ ಪಡಸಾಲೆಯಲ್ಲಿ ಕುಳಿತು ಅವಳು ನೋಟ್‌ಬುಕ್ ತೆರೆದಳು. ಮೆಣಸಿನಕಾಯಿ ಸುಗ್ಗಿಯ ದಿನಗಳು. ಓಣಿಯ ಗಾಳಿಗೆ ಮನೆಮಂದಿಯೆಲ್ಲ ಸರದಿಯಲ್ಲಿ ಸೀನುತ್ತಿದ್ದರು.

ಕಾಲ: ೩೦.೩ ಸೆಕೆಂಡು. ಮುಂದಿನ ಸಾಲು, ಹೊಗೆ.

ಪೆನ್ನು ಅಲ್ಲೇ ನಿಂತಿತು. ಹೊಗೆ ಯಾವ ಕಡೆ ವಾಲಿತ್ತು? ಬೆಳ್ಳಗಿತ್ತೋ ಬೂದಿಯ ಬಣ್ಣವೋ? ಎಷ್ಟು ನೆನೆಸಿಕೊಂಡರೂ ಹೊಗೆ ಬರಲಿಲ್ಲ. ಬಂದದ್ದು ಒಂದು ಹುಬ್ಬು, ಅದರ ಮೇಲೆ ಅಲುಗುವ ನೂಲಿನ ಎಳೆ.

ಅವಳು ಪೆನ್ನಿನ ಮುಚ್ಚಳ ಹಾಕಿದಳು. ಹೊಗೆಯನ್ನು ಅವಳು ನೋಡಿರಲೇ ಇಲ್ಲ. ಸಪ್ಪಳ ಕೇಳಿ ಒತ್ತಿದ್ದಳು.

ಮೂವತ್ತು ಪಾಯಿಂಟ್ ಮೂರಕ್ಕೆ ಎರಡು ಪಾಯಿಂಟ್ ಒಂಬತ್ತು ಕೂಡಿಸಿದರೆ ಮೂವತ್ತಮೂರು ಪಾಯಿಂಟ್ ಎರಡು. ಹೊಸ ಕಾರು ಹಳೆಯದಕ್ಕಿಂತ ಬರೀ ನಾಲ್ಕು ಹತ್ತಾಂಶ ಸೆಕೆಂಡು ಮುಂದು. ಅಂದರೆ ಹೆಚ್ಚುಕಡಿಮೆ ಅಷ್ಟೇ.

ಹೇಳದೆ ಇದ್ದರೆ ರವಿವಾರಗಳು ಉಳಿಯುತ್ತವೆ, ಆದರೆ ಮದ್ರಾಸಿನಲ್ಲಿ ಎಲ್ಲರೂ ಕೇಳುವುದು ಫಕ್ಕೀರೇಶನನ್ನು. ಹೇಳಿದರೆ, ಕಣ್ಣು ಎಲ್ಲಿತ್ತು ಎಂಬ ಪ್ರಶ್ನೆ ಬಂದೇ ಬರುತ್ತದೆ. ವಿದ್ಯಾರ್ಥಿಗಳ ಜರ್ನಲ್ಲಿನಲ್ಲಿ ತಿದ್ದಿದ ಅಂಕಿಯೊಂದು ಕಂಡರೆ ಇಡೀ ಪುಟಕ್ಕೆ ಕೆಂಪು ಗೆರೆ ಎಳೆಯುವವಳು ಅವಳು. ಆ ಸಂಜೆ ಊಟಕ್ಕೆ ಏಳುವ ಮೊದಲು ತನ್ನ ಪುಟಕ್ಕೂ ಎಳೆದಳು.

*

ಸೋಮವಾರ ಸಂಜೆ ಗ್ಯಾರೇಜಿನಲ್ಲಿ ಮಂಡಕ್ಕಿ, ಮಿರ್ಚಿ, ಚಹಾ. ಕರಬಸಪ್ಪ ತನ್ನ ಲೆಕ್ಕದಲ್ಲಿ ಆಗಲೇ ಶೋಲಾವರಂನ ಮೂರನೆಯ ಸ್ಥಾನ ಬಿಟ್ಟು ಎರಡನೆಯದಕ್ಕೆ ಬಂದಿದ್ದ.

"ನಿನ್ನೆ ಅಳತಿ ತಪ್ಪೈತ್ರಿ," ಎಂದಳು ಹೊಳಿಯವ್ವ, ನಿಂತುಕೊಂಡೇ. "ಹೊಗಿ ನೋಡ್ಲಿಲ್ಲ ನಾನು. ಸಪ್ಪಳಕ್ಕ ಒತ್ತಿದೆ. ಖರೇ ಕಾಲ ಮೂವತ್ತಮೂರು ಪಾಯಿಂಟ್ ಎರಡು. ತಪ್ಪು ನನ್ನದು."

ಕರಬಸಪ್ಪನ ಕೈಯ ಮಿರ್ಚಿ ಬಾಯಿಯ ಹತ್ತಿರ ನಿಂತಿತು. ಅಬ್ದುಲರಜಾಕ ಮೆಲ್ಲಗೆ ಚಹದ ಕಪ್ಪು ಕೆಳಗಿಟ್ಟ.

"ಅಲ್ರಿ ಅಕ್ಕೋರ," ಎಂದ ಮೈಲಾರೆಪ್ಪ, "ಹೊಗಿ ನೋಡ್ರಿ ಅಂತ ನಮಗ ಹೇಳಿದವ್ರ ನೀವು. ಹಂಗಾರ ಕಣ್ಣು ಎಲ್ಲಿದ್ವು?"

ಅವಳು ಯಾರ ಕಡೆಯೂ ನೋಡದೆ, ವ್ಯಾನಿಟಿ ಬ್ಯಾಗು ಎದೆಗೊತ್ತಿ ಸ್ಟೇಶನ್ನಿಗೆ ನಡೆದಳು.

ಪ್ಯಾಸೆಂಜರ್ ಇಪ್ಪತ್ತೈದು ನಿಮಿಷ ತಡ. ಬೇವಿನ ಗಿಡದ ಕೆಳಗಿನ ಬೆಂಚಿನಲ್ಲಿ ಕುಳಿತವಳ ಪಕ್ಕಕ್ಕೆ ಐದು ನಿಮಿಷದಲ್ಲಿ ಫಕ್ಕೀರೇಶ ಬಂದು ನಿಂತ. ಓಡಿಬಂದದ್ದು ಉಸಿರಿನಲ್ಲಿ ಗೊತ್ತಾಗುತ್ತಿತ್ತು.

"ಕುಂದರ್ಲೇನ್ರಿ?"

"ಬೆಂಚು ರೇಲ್ವೆದು."

ಕುಳಿತ. "ಭಾಳ ಉಪಕಾರಾತ್ರಿ," ಎಂದ.

ಅವಳು ತಿರುಗಿ ನೋಡಿದಳು. ಅವನ ಮುಖದಲ್ಲಿ ಕುಚೋದ್ಯ ಇರಲಿಲ್ಲ.

"ನಿನ್ನೆ ನಾ ಕೇಳಿದ್ದು ಒಂದು, ವಾಚ್ ಹೇಳಿದ್ದು ಒಂದ್ರಿ. ಎರಡನೇ ಕಾರ್ಬುರೇಟರ್ ತಡಾ ಮಾಡಿ ಉಸಿರು ತಗೊಳ್ಳಾಕತ್ತಿತ್ತು. ನನಗ ಸ್ವಚ್ಛ ಕೇಳಿಸ್ತು. ಆದ್ರ ವಾಚ್ ಮೂವತ್ತು ಅಂತೈತಿ. ನನ್ನ ಕಿವಿನ ಕೆಟ್ಟ್ವೇನೋ ಅಂತ ರಾತ್ರಿ ನಿದ್ದಿ ಇಲ್ಲ. ಕಿವಿ ಹೋದ್ರ ನನ್ನ ಕೈಯಾಗ ಏನೈತ್ರಿ?"

"ಟೀಮು ಬಂದ್ ಮಾಡ್ತಾರಲ್ಲ ಈಗ."

"ಮೈಲಾರೆಪ್ಪಕಾಕಾ ಬಿಡ್ತಾನೇನ್ರಿ? ಒಂದು ವಾರ ಕೊಡು, ಹುಡುಗ ರಿಪೇರಿ ಮಾಡ್ತಾನ ಅಂತ ಆಗಲೇ ಹಾವೇರಿಗೆ ಫೋನ್ ಹಚ್ಯಾನ. ಬೈಯಾಕ ಟೀಮು ಬೇಕಲ್ರಿ ಅವಂಗ."

ಅವಳಿಗೆ ನಗು ಬಂತು. ಜೊತೆಗೆ ಕಣ್ಣೂ ಒದ್ದೆಯಾಯಿತು. ಅದನ್ನು ಕಂಡೂ ಕಾಣದವನಂತೆ ಅವನು ಹಳಿಗಳ ಕಡೆ ನೋಡುತ್ತ ಕೇಳಿದ:

"ಕಾಕಾ ಕೇಳಿದ್ದಕ್ಕ ಉತ್ತರ ಬರ್ಲಿಲ್ಲಲ್ರಿ. ಕಣ್ಣು ಎಲ್ಲಿದ್ವು?"

"ನಿಮ್ಮ ಕಣ್ಣು ಎಲ್ಲಿದ್ವು?"

"ನನ್ನವು ಮುಚ್ಚಿದ್ವು. ಅದಕ್ಕ ನನಗ ಗೊತ್ತಾಗ್ಲಿಲ್ಲ."

ಹೊಳಿಯವ್ವ ಬ್ಯಾಗಿನ ಪಟ್ಟಿ ಸುತ್ತಿದಳು, ಬಿಚ್ಚಿದಳು. "ನಿಮ್ಮ ಹುಬ್ಬಿಗೆ ಒಂದು ಎಳಿ ನೂಲು ಹತ್ತಿತ್ತು," ಎಂದಳು. "ಅದನ್ನ ನೋಡಾಕತ್ತಿದ್ದೆ. ತಗೀಬೇಕು ಅನ್ನಿಸ್ತು. ಅಷ್ಟರಾಗ ಗರ್ನಾಲು ಹಾರಿತು."

ಅವನ ಕೈ ತಾನಾಗಿ ಹುಬ್ಬಿಗೆ ಹೋಯಿತು. ಬಲಗಡೆ ಸವರಿಕೊಂಡ.

"ಅದಲ್ಲ. ಎಡಕಿಂದು."

"ಈಗ ಐತೇನ್ರಿ?"

"ಈಗ ಇಲ್ಲ."

"ಹಂಗಾರ ಈಗ ಯಾಕ ನೋಡಾಕತ್ತೀರಿ?"

ಅವಳು ಸಟ್ಟನೆ ಮುಖ ತಿರುಗಿಸಿದಳು. ಆದರೆ ತುಟಿಯ ಅಂಚು ಅವಳ ಮಾತು ಕೇಳಲಿಲ್ಲ. ಹಾವೇರಿಯ ಕಡೆಗೆ ಹೋಗುವ ಗಾಡಿಗೆ ಸಿಗ್ನಲ್ ಕಂಬದ ಕೈ ಇಳಿಯಿತು. ದೂರದಲ್ಲಿ ಇಂಜಿನ್ನಿನ ಹೊಗೆ ಕಂಡಿತು, ಸಿಳ್ಳು ಇನ್ನೂ ಕೇಳಿರಲಿಲ್ಲ.

"ನಮ್ಮ ದೊಡ್ಡಪ್ಪನ್ನ ಬ್ಯಾಡಗಿಗೆ ಕಳಸ್ಲೇನ್ರಿ," ಎಂದ ಫಕ್ಕೀರೇಶ, ಅವಸರವಿಲ್ಲದೆ. "ನಿಮ್ಮ ಮನಿಗೆ. ಹಿರ್ಯಾರು ಹಿರ್ಯಾರು ಮಾತಾಡ್ಲಿ."

"ನಾ ಡಿಗ್ರಿ ಮಾಡೇನಿ, ನೀವು ಲೇಥ್ ಮ್ಯಾಲೆ ಇರ್ತೀರಿ ಅಂತ ನಮ್ಮಪ್ಪ ಒಂದು ತಕರಾರು ತಗೀತಾನ."

"ನೀವು?"

"ನಮ್ಮ ಮನಿ ನಲ್ಲಿನೂ ಸೋರತೈತಿ," ಎಂದಳು ಹೊಳಿಯವ್ವ. "ದೊಡ್ಡಪ್ಪನ ಜೋಡಿ ನೀವೂ ಬರ್ರಿ. ಪಾನಾ ತರ್ರಿ."

*

ಜನವರಿ ಇಪ್ಪತ್ತೈದು, ಮುಂಜಾನೆ ಏಳೂಕಾಲು. ವಾರವಿಡೀ ಫಕ್ಕೀರೇಶ ಎರಡನೆಯ ಕಾರ್ಬುರೇಟರ್ ಬಿಚ್ಚಿ, ಜೋಡಿಸಿ, ಮತ್ತೆ ಬಿಚ್ಚಿದ್ದ. ಪರಮೇಶಪ್ಪ ಈ ಸಲದ ಅಂಕಿಯೇ ಕೊನೆಯದು ಎಂದಿದ್ದ. ಕರಬಸಪ್ಪ ಎರಡು ದಿನದಿಂದ ಶೋಲಾವರಂನ ಹೆಸರೆತ್ತಿರಲಿಲ್ಲ.

ಹೊಳಿಯವ್ವ ಗೆರೆಯ ಹತ್ತಿರ ನಿಂತು ವಾಚಿಗೆ ಕೀಲಿ ಕೊಟ್ಟಳು. ಪಕ್ಕದಲ್ಲಿ ಫಕ್ಕೀರೇಶ. ಹಿಂದಿನ ಸಂಜೆ ದೊಡ್ಡಪ್ಪನೂ, ಪಾನಾ ಹಿಡಿದು ಅವನೂ ಬ್ಯಾಡಗಿಗೆ ಹೋಗಿ ಬಂದಿದ್ದರು. ಹೊಳಿಯವ್ವನ ಅಪ್ಪ ಎರಡು ತಾಸು ತಕರಾರು ಮಾಡಿ, ಕೊನೆಗೆ ಒಪ್ಪಿ, ಗಡಿಗೆಯಿಂದ ಬೆಲ್ಲ ತೆಗೆದು ಅವರ ಕೈಗಿಟ್ಟಿದ್ದ. ಅದು ಇಲ್ಲಿ ಎಲ್ಲರಿಗೂ ತಿಳಿದಿತ್ತು, ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ.

ಆಚೆ ತುದಿಯಲ್ಲಿ ಅಬ್ದುಲರಜಾಕ ಸಿದ್ಧನಾಗಿ ಕೈ ಎತ್ತಿದ.

"ಹೊಗಿ ನೋಡ್ರಿ ಮತ್ತ," ಎಂದ ಫಕ್ಕೀರೇಶ ಮೆಲ್ಲಗೆ.

"ನೀವು ಕಣ್ಣು ಮುಚ್ಚಿಕೋರಿ ಮತ್ತ."

"ಇವತ್ತು ಮುಚ್ಚಾಕ ಆಗವಲ್ತು."

"ಹಂಗಾರ ಆ ಕಡೆ ನೋಡ್ರಿ."

"ಅದೂ ಆಗವಲ್ತು."

ಹಿಂದೆ ಕಲ್ಲಿನ ಮೇಲೆ ಕುಳಿತಿದ್ದ ದೇವವ್ವ ಎದ್ದಳು. ಸೆರಗು ಸೊಂಟಕ್ಕೆ ಸಿಗಿಸಿ, ಇಬ್ಬರ ನಡುವೆ ತೂರಿ ಬಂದು ಕೈ ಒಡ್ಡಿದಳು.

"ಇಲ್ಲಿ ಕೊಡ್ರಿ ಅದನ್ನ. ನಿಮ್ಮಿಬ್ಬರ ಕಣ್ಣು ಇವತ್ತು ಕೆಲಸಕ್ಕ ಬರಂಗಿಲ್ಲ."

"ನಿನಗ ಬರತೈತೇನ ದೇವಕ್ಕ?"

"ಅಂಕಿ ಓದಾಕ ಬರಂಗಿಲ್ಲ, ಹೊಗಿ ಕಾಣತೈತಿ. ಹೊಗಿ ಕಂಡ್ರ ಒತ್ತೂದು, ಕಾರು ಬಂದ್ರ ಒತ್ತೂದು. ಮುಂದಿಂದು ನೀನು ಓದಿಕೋ."

ಮೈಲಾರೆಪ್ಪ ಬೇರೆ ಕಡೆ ತಿರುಗಿ ಕೆಮ್ಮಿದ. ಹೊಳಿಯವ್ವ ವಾಚು ಕೊಟ್ಟಳು. ದೇವವ್ವ ಕಣ್ಣು ಕಿರಿದು ಮಾಡಿ, ರೆಪ್ಪೆ ಮಿಟುಕಿಸದೆ ರಸ್ತೆಯ ತುದಿಗೆ ನೆಟ್ಟಳು.

ಖಾಲಿಯಾದ ಹೊಳಿಯವ್ವನ ಕೈಗೆ ಕೆಲಸವಿರಲಿಲ್ಲ. ಫಕ್ಕೀರೇಶ ಅದನ್ನು ಹಿಡಿದ. ಹೊಗೆ ಎದ್ದದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ಸಪ್ಪಳ ಬಂತು, ಅದರ ಹಿಂದೆಯೇ ಇಂಜಿನ್ನಿನ ದನಿ. ತಡೆಯಿಲ್ಲದೆ, ಎಳೆದುಕೊಂಡು, ಹತ್ತಿರವಾಗುತ್ತ ಬಂತು. ಅದನ್ನು ಕೇಳುತ್ತ ಅವನ ಬೆರಳುಗಳು ಅವಳ ಬೆರಳುಗಳಲ್ಲಿ ಸಡಿಲಾದವು. ಅಂಕಿ ಬರುವ ಮೊದಲೇ ಅವಳಿಗೆ ಅರ್ಥವಾಯಿತು.

ಕೆಂಪು ಕಾರು ಗೆರೆ ದಾಟಿತು. ದೇವವ್ವ ಒತ್ತಿ, ವಾಚನ್ನು ಹೊಳಿಯವ್ವನ ಮುಂದೆ ಹಿಡಿದಳು.

ಮೂವತ್ತೆರಡು ಪಾಯಿಂಟ್ ನಾಲ್ಕು ಸೆಕೆಂಡು. ಹಳೆಯ ಕಾರಿಗಿಂತ ಒಂದು ಸೆಕೆಂಡಿಗೂ ಮಿಕ್ಕಿ ಮುಂದು.